ಬಲಗೈಗೆ ಪೆಟ್ಟಿಗೆ, ಎಡಗೈಗೆ ಗೂಳಿ

"ಈ ಮನೆಗೆ ಗಾಡಿ ಆರಿಸುವವನು ನಾನು! ಚೌಕಾಸಿ ಮಾಡುವವನು ನಾನು! ವ್ಯಾಪಾರಕ್ಕೆ ಕೈ ಸೇರಿಸುವವನೂ ನಾನೇ!"

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಹೀಗೆಂದು ಘೋಷಿಸಿ ಮೇಜಿನ ಮೇಲೆ ಗುದ್ದಿದೆ. ಮೇಜು ಅಲುಗಲಿಲ್ಲ. ಅದು ನನ್ನ ಮಾವನವರು ಬೀಚ್ ಮರದಲ್ಲಿ ಮಾಡಿಸಿದ್ದು. ಅವರ ಹಾಗೆಯೇ ನನ್ನ ಮಾತಿಗೆ ಅಲುಗುವ ಜಾತಿಯದಲ್ಲ. ಕಾಫಿಯ ಕಪ್ಪು ಮಾತ್ರ ನನ್ನ ಮರ್ಯಾದೆಗೆಂದು ಸ್ವಲ್ಪ ಹಾರಿ, ನನ್ನದೇ ಅಂಗಿಯ ಮೇಲೆ ಬಂದು ಕೂತಿತು.

ಹೆಂಡತಿ ಯೆಲಿಕಾ ಬಟ್ಟೆ ತಂದು ಅಂಗಿ ಒರೆಸುತ್ತ, "ಆಯ್ತು ರೀ. ಪೀಪಾಯಿ ಹಿಡಿಯುತ್ತಾ ಅಂತ ಒಂದು ನೋಡ್ಕೊಳ್ಳಿ, ಸಾಕು" ಎಂದಳು.

ಕೇಳಿದಿರಾ? ಇಪ್ಪತ್ತಾರು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ವುಕೊಟ ಮೇಷ್ಟ್ರು, ಯಂತ್ರಶಾಸ್ತ್ರದ ಮಹಾಸಮರಕ್ಕೆ ಕಚ್ಚೆ ಕಟ್ಟಿ ನಿಂತಿರುವಾಗ, ಇವಳಿಗೆ ಪೀಪಾಯಿಯ ಚಿಂತೆ!

ನನ್ನ ಕೋಪ ನಿಮಗೆ ಅರ್ಥವಾಗಬೇಕಾದರೆ ಒಂದು ಅವಮಾನಕರ ಸತ್ಯವನ್ನು ಹೇಳಿಬಿಡಬೇಕು. ನಾನು ಮನೆ ಅಳಿಯ. ಸಮುದ್ರದ ಕಡೆಯವನು, ಈ ಗುಡ್ಡದ ಊರಿಗೆ ಮೇಷ್ಟ್ರಾಗಿ ಬಂದೆ, ಯೆಲಿಕಾಳನ್ನು ನೋಡಿದೆ, ಅವಳ ಮನೆಯಲ್ಲೇ ಉಳಿದೆ. ಮಾಂಟೆನೆಗ್ರೋದ ಗುಡ್ಡಗಳಲ್ಲಿ ಗಂಡಸು ಹೆಂಡತಿಯ ಮನೆ ಸೇರಿದರೆ ಅಂಗಳದ ಕೋಳಿಯೂ ಅವನಿಗೆ ದಾರಿ ಬಿಡುವುದಿಲ್ಲ. ಇಲ್ಲಿನ ಟಪಾಲಿನವನು ಇವತ್ತಿಗೂ ನನಗೆ ಬಂದ ಪತ್ರವನ್ನು "ಪ್ಲಾನಾ ಅಜ್ಜಿಯ ಅಳಿಯನದು" ಎಂದು ಕೂಗಿ ಎಸೆಯುತ್ತಾನೆ. ನನ್ನ ಹೆಸರು ಲಕೋಟೆಯ ಮೇಲೆ ದಪ್ಪ ಅಕ್ಷರದಲ್ಲಿರುತ್ತದೆ!

ಈ ಪ್ಲಾನಾ ಅಜ್ಜಿಯೇ ನನ್ನ ಅತ್ತೆ. ವಯಸ್ಸು ಎಪ್ಪತ್ತೊಂಬತ್ತು. ಎಡ ಮೊಣಕಾಲು ಒಂದನ್ನು ಬಿಟ್ಟರೆ ಅವರಲ್ಲಿ ಬಗ್ಗದಿರುವುದು ಇನ್ನೊಂದಿದೆ, ಸ್ವಭಾವ. ಏಳು ಹಸುಗಳು ಅವರವು. ಪ್ರತಿ ಜೂನ್‌ನಲ್ಲಿ ಹಸುಗಳ ಜೊತೆ ಹನ್ನೊಂದು ಕಿಲೋಮೀಟರ್ ಮೇಲೆ, ಸಿನ್ಯಾಯೆವಿನಾ ಬೆಟ್ಟದ ನೆತ್ತಿಯ ಹುಲ್ಲುಗಾವಲಿಗೆ ಹೋಗುತ್ತಾರೆ. ಅಲ್ಲಿ ಮರದ ಗುಡಿಸಲಿದೆ. ಬೇಸಿಗೆಯಿಡೀ ಹಾಲು ಕಾಯಿಸಿ, ಕೆನೆ ತೆಗೆದು, ಉಪ್ಪು ಹಾಕಿ, ಪೀಪಾಯಿಯಲ್ಲಿ ಪದರ ಪದರವಾಗಿ ಕೈಮಾಕ್ ತುಂಬಿಸುತ್ತಾರೆ. ಆ ಕೆನೆಬೆಣ್ಣೆಯನ್ನು ಬಿಸಿ ಆಲೂಗಡ್ಡೆಯ ಮೇಲೆ ಇಟ್ಟುಕೊಂಡು ತಿಂದವನು ನನ್ನ ಹಾಗೆ ಮನೆ ಅಳಿಯನಾಗಿಬಿಡುತ್ತಾನೆ. ನಾನು ಬೇರೆ ಯಾವ ಕಾರಣಕ್ಕೂ ಉಳಿದವನಲ್ಲ ಎಂದು ಯೆಲಿಕಾ ಹೇಳುತ್ತಾಳೆ. ಸುಳ್ಳು. ಆದರೆ ಪೂರ್ತಿ ಸುಳ್ಳಲ್ಲ.

ಕಳೆದ ವರ್ಷ ಆಗಸ್ಟ್ ಕೊನೆಯಲ್ಲಿ ನಮ್ಮ ಹಳೆಯ ಪುಟ್ಟ ಕಾರಿನಲ್ಲಿ ಆ ಪೀಪಾಯಿಯನ್ನು ಕೆಳಗೆ ತರುತ್ತಿದ್ದೆ. ಅರ್ಧ ಪೀಪಾಯಿ ಒಳಗೆ, ಅರ್ಧ ಹೊರಗೆ. ಹಿಂದಿನ ಬಾಗಿಲು ಮುಚ್ಚಲಿಲ್ಲ. ನನ್ನ ಕತ್ತಿನ ಟೈ ಬಿಚ್ಚಿ ಕಟ್ಟಿದ್ದೆ. ಏಳನೆಯ ತಿರುವಿನಲ್ಲಿ ಕಾರು ಕೆಮ್ಮಿತು, ಮುಗ್ಗರಿಸಿತು, ಪ್ರಾಣ ಬಿಟ್ಟಿತು. ಟೈ ತನ್ನ ಕರ್ತವ್ಯ ಮರೆಯಿತು. ಪೀಪಾಯಿ ಇಳಿಜಾರಿನಲ್ಲಿ ಉರುಳಿತು. ಮೂರು ತಿಂಗಳ ಬೆಟ್ಟದ ಹುಲ್ಲು, ಮೂರು ತಿಂಗಳ ಮುಂಜಾವಿನ ಮಂಜು, ಮೂರು ತಿಂಗಳು ಅತ್ತೆಯ ಬೆರಳು ಮುಟ್ಟಿದ ಹಾಲು, ಎಲ್ಲ ಸೇರಿ ಬೆಳ್ಳಗೆ ಒಂದು ಹಾದಿಯಾಗಿ ಗುಡ್ಡದುದ್ದಕ್ಕೂ ಹರಡಿತು. ಕೆಳಗಿನ ಊರಿನ ನಾಯಿಗಳೆಲ್ಲ ಆ ವಾರ ನನ್ನನ್ನು ಕಂಡರೆ ಬಾಲ ಅಲ್ಲಾಡಿಸಿದವು. ಈ ಊರಿನಲ್ಲಿ ನನಗೆ ಗೌರವ ಸಿಕ್ಕಿದ ಏಕೈಕ ವಾರ ಅದು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ವಸಂತ ಬಂದು ಹಿಮ ಕರಗಿದ ಮೇಲೆ ಒಂದೇ ಮಾತು ಹೇಳಿದರು.

"ಅಳಿಯಂದಿರೇ, ಈ ಕಾಲಲ್ಲಿ ನಾನು ನಡೆದು ಹತ್ತಲಾರೆ. ಜೂನ್ ಹನ್ನೆರಡಕ್ಕೆ ಬೆಟ್ಟ ಹತ್ತೋ ಗಾಡಿ ಅಂಗಳದಲ್ಲಿ ಇರಬೇಕು. ಇಲ್ಲಾಂದ್ರೆ ಏಳೂ ಹಸು ಮಾರಿಬಿಡ್ತೀನಿ. ರಸ್ತೆ ಬದಿ ಹುಲ್ಲು ತಿನ್ನಿಸಿ ಅವಕ್ಕೆ ಅವಮಾನ ಮಾಡಲ್ಲ."

ಅವರು ಹೊರಗೆ ಹೋದ ಮೇಲೆ ಯೆಲಿಕಾ ಹಾಲಿನ ಪಾತ್ರೆ ತೊಳೆಯುತ್ತ ನನ್ನ ಕಡೆ ತಿರುಗದೆ ಅಂದಳು: "ಅಮ್ಮ ಮೇಲೆ ಹೋಗದ ಬೇಸಿಗೆ ನಾನು ಹುಟ್ಟಿದ ಮೇಲೆ ಒಂದೂ ಇಲ್ಲ ರೀ. ಹಸು ಹೋದ್ರೆ ಅಮ್ಮ ಕಿಟಕಿ ಹತ್ರ ಕೂರ್ತಾಳೆ. ಕೂತೋಳು ಮತ್ತೆ ಏಳಲ್ಲ."

ಆ ಮಾತಿಗೇ ನಾನು ಮೇಜು ಗುದ್ದಿದ್ದು. ಪ್ರೀತಿ ಉಕ್ಕಿದಾಗ ಗುದ್ದುವುದನ್ನು ಬಿಟ್ಟು ಬೇರೆ ದಾರಿ ನಮ್ಮ ಗಂಡಸರಿಗೆ ಯಾರೂ ಕಲಿಸಿಲ್ಲ.

ಅಂದೇ ಇನ್ನೂರು ಪುಟದ ನೋಟ್‌ಬುಕ್ ತಂದೆ. ನಲವತ್ತೆರಡು ಕಾಲಂ ಎಳೆದೆ. ನೆಲದಿಂದ ಹೊಟ್ಟೆಗೆ ಎಷ್ಟು ಎತ್ತರ, ನೀರಲ್ಲಿ ಎಷ್ಟು ಆಳ ಇಳಿದೀತು, ಎಷ್ಟು ಡಿಗ್ರಿ ಓರೆಗೆ ಮಗುಚೀತು, ನಾಲ್ಕು ಚಕ್ರಕ್ಕೂ ಎಳೆತ ಹೇಗೆ ಹಂಚಿದೆ! ಎರಡು ತಿಂಗಳು ಬೆಟ್ಟದ ಗಾಡಿ ಕಂಡಲ್ಲೆಲ್ಲ ನೆಲಕ್ಕೆ ಬಿದ್ದು ಅದರ ಕೆಳಗೆ ತೂರಿದೆ. ಒಮ್ಮೆ ಚರ್ಚಿನ ಎದುರು ಹೀಗೇ ತೂರಿದ್ದಾಗ ಗಾಡಿಯ ಒಡೆಯ ಬಂದು ನನ್ನ ಕಾಲು ಹಿಡಿದೆಳೆದು, "ಏನ್ ಕದೀತಿದ್ದೀಯೋ?" ಎಂದ. "ಜ್ಞಾನ!" ಎಂದೆ. ಅವನು ಪೊಲೀಸರಿಗೆ ಫೋನ್ ಮಾಡಿದ. ಜ್ಞಾನಕ್ಕೆ ಈ ದೇಶದಲ್ಲಿ ಇದೇ ಬೆಲೆ!

ಮೇ ಕೊನೆಗೆ ಎರಡೇ ಗಾಡಿ ಉಳಿದವು. ಒಂದು ಮೊಯ್ಕೊವಾತ್ಸ್ ಪಟ್ಟಣದ ನಿವೃತ್ತ ಅರಣ್ಯ ಕಾವಲುಗಾರ ಮಿಲೂಟಿನನದು. ಹಸಿರು ಬಣ್ಣ, ನಾಲ್ಕೂ ಕಡೆ ಚಚ್ಚೌಕ, ಕಾಳಿನ ಪೆಟ್ಟಿಗೆಗೆ ಚಕ್ರ ಹಾಕಿದ ಹಾಗೆ. ಅದಕ್ಕೆ ನಾನಿಟ್ಟ ಹೆಸರು ಪೆಟ್ಟಿಗೆ. ಇನ್ನೊಂದು ರೊಜಾಯೆ ಕಡೆಯ ಕುರಿ ವ್ಯಾಪಾರಿ ಎಜೂಬನದು. ಬಿಳಿ ಮೈ, ಉಬ್ಬಿದ ಭುಜ, ಮೂತಿಗೆ ಕಬ್ಬಿಣದ ಕೊಂಬು. ಅದು ಗೂಳಿ. ಯಾವ ಕಂಪನಿಯವು ಎಂದು ಕೇಳಬೇಡಿ. ಈ ಊರಿನಲ್ಲಿ ಗಂಡಸರು ಎರಡು ಪಂಗಡ, ಹೆಸರು ಹೇಳಿದರೆ ಅರ್ಧ ಊರು ನನ್ನ ಮಾತು ಬಿಡುತ್ತದೆ.

ನಲವತ್ತೆರಡು ಕಾಲಂ ಕೂಡಿಸಿದೆ. ಪೆಟ್ಟಿಗೆಗೆ ನೂರ ಎಂಬತ್ತೇಳು ಅಂಕ. ಗೂಳಿಗೂ ನೂರ ಎಂಬತ್ತೇಳು! ಮತ್ತೆ ಕೂಡಿಸಿದೆ. ಗಣಿತ ನನಗೆ ದ್ರೋಹ ಬಗೆದಿತ್ತು.

"ಪೀಪಾಯಿ ಹಿಡಿಯುತ್ತಾ?" ಯೆಲಿಕಾ ಕೇಳಿದಳು.

"ಓರೆಯ ಕೋನ ಲೆಕ್ಕ ಹಾಕ್ತಿರೋನಿಗೆ ಪೀಪಾಯಿ ಅಂತೀಯಲ್ಲೇ! ಭಾನುವಾರ ಇಬ್ಬರನ್ನೂ ಗಾಡಿ ಸಮೇತ ಬರಹೇಳಿದ್ದೀನಿ. ಎದುರುಬದುರು ಪರೀಕ್ಷೆ!"

ಅವಳ ಕೈಯಲ್ಲಿದ್ದ ಸೌಟು ನಿಂತಿತು. "ಇಬ್ಬರನ್ನೂ? ಒಂದೇ ದಿನ? ನಮ್ಮ ಅಂಗಳಕ್ಕೆ?"

"ಹೌದು. ಯಾಕೆ?"

"ಅಯ್ಯೋ ದೇವರೇ, ಇಪ್ಪತ್ತಾರು ವರ್ಷ ಆದ್ರೂ ಸಮುದ್ರದ ನೀರು ಇಳಿದಿಲ್ಲ ನಿಮ್ಮ ತಲೆಯಿಂದ! ಅಂಗಳಕ್ಕೆ ಬಂದ್ರೆ ಅವರು ಅತಿಥಿಗಳು ರೀ! ಅತಿಥಿ ಕುದುರೆಗೆ ಯಾರಾದ್ರೂ ಹಲ್ಲು ಹುಳುಕು ಅಂತಾರಾ? ಅತಿಥಿ ಗಾಡಿಗೆ ನೀವು ಹೇಗೆ ತಪ್ಪು ತೆಗೀತೀರಿ?"

ಇದು ನನಗೆ ಹೊಳೆದಿರಲಿಲ್ಲ. ಆದರೆ ಹೊಳೆದಿರಲಿಲ್ಲ ಎಂದು ಹೆಂಡತಿಗೆ ಹೇಳಲು ನಾನೇನು ಹುಚ್ಚನೇ? "ಎಲ್ಲ ಯೋಚಿಸಿದ್ದೀನಿ. ಕೂಮ್ ರಾದೋಯೆನ ಕರೆಸಿದ್ದೀನಿ" ಎಂದೆ.

ಕೂಮ್ ಎಂದರೆ ನಮ್ಮ ಮದುವೆಗೆ ಸಾಕ್ಷಿ ನಿಂತವನು. ಒಡಹುಟ್ಟಿದವನಿಗಿಂತ ಒಂದು ಮೆಟ್ಟಿಲು ಮೇಲೆ. ಅವನ ಮಾತು ತೆಗೆದುಹಾಕುವ ಹಾಗಿಲ್ಲ. ಅದರ ಮೇಲೆ ರಾದೋಯೆ ನಮ್ಮ ಸೀಮೆಯ ಜಾನುವಾರು ಸಂತೆಯ ಮಧ್ಯಸ್ಥ. ಇಲ್ಲಿ ವ್ಯಾಪಾರ ಮುಗಿಯುವುದು ಬಾಯಿಂದಲ್ಲ, ಕೈಯಿಂದ. ಕೊಳ್ಳುವವನೂ ಮಾರುವವನೂ ಕೈ ಹಿಡಿದುಕೊಳ್ಳುತ್ತಾರೆ, ಮೂರನೆಯವನು ಆ ಹಿಡಿದ ಕೈಗಳ ಮೇಲೆ ತನ್ನ ಅಂಗೈಯಿಂದ ಫಟ್ಟನೆ ಹೊಡೆದು "ಶುಭವಾಗಲಿ!" ಎನ್ನುತ್ತಾನೆ. ಹೊಡೆದ ಮೇಲೆ ಮುಗಿಯಿತು. ಸತ್ತ ಅಪ್ಪ ಎದ್ದು ಬಂದರೂ ವ್ಯಾಪಾರ ಮುರಿಯುವುದಿಲ್ಲ. ಐವತ್ತು ವರ್ಷ ಸಂತೆಯಲ್ಲಿ ಹೀಗೆ ಹೊಡೆದೂ ಹೊಡೆದೂ ರಾದೋಯೆಯ ಅಂಗೈ ಬ್ರೆಡ್ ಸುಡುವ ಸಲಿಕೆಯಷ್ಟು ಅಗಲವಾಗಿದೆ.

"ಕೂಮ್ ಬಂದ್ರೆ ನಿಮ್ಮ ಕೈ ಹುಷಾರು" ಎಂದಳು ಯೆಲಿಕಾ. "ಇಬ್ಬರೂ ಕೈ ಚಾಚ್ತಾರೆ. ನೋಡ್ಕೊಳ್ಳಿ."

"ನನ್ನ ಕೈ ನನ್ನ ಜೇಬಲ್ಲಿರುತ್ತೆ ಕಣೇ!"

ಭಾನುವಾರ ಬಂತು. ಪೆಟ್ಟಿಗೆ ಬಂತು, ಗೂಳಿಯೂ ಬಂತು, ಅವುಗಳ ಹಿಂದೆ ಕೂಮ್ ರಾದೋಯೆಯ ಅಂಗೈ, ಅದರ ಹಿಂದೆ ರಾದೋಯೆ. ಮೂಗು ಮೂಗಿಗೆ ನಿಂತ ಎರಡು ಗಾಡಿಗಳ ಪಕ್ಕದಲ್ಲಿ ಅವುಗಳ ಒಡೆಯರೂ ಹಾಗೇ ನಿಂತರು.

"ಇದನ್ನೂ ಬೆಟ್ಟಕ್ಕೆ ತಂದಿಯಾ?" ಮಿಲೂಟಿನ್ ಗೂಳಿಯನ್ನು ನೋಡಿ ಕೇಳಿದ.

"ತಂದೆ. ನಿನ್ನ ಬೀರು ಕೂಡ ಬಂದಿದೆಯಲ್ಲ, ಬಟ್ಟೆ ಇಡೋಕಾ?" ಎಂದ ಎಜೂಬ್.

ಊಟ ಮುಗಿಯದೆ ವ್ಯಾಪಾರದ ಮಾತು ಎತ್ತುವಂತಿಲ್ಲ. ಮೂರು ಗಂಟೆ! ಮಿಲೂಟಿನನಿಗೆ ಹಣ್ಣಿನ ಸಾರಾಯಿ ರಾಕಿಯಾ, ಎಜೂಬನಿಗೆ ಎಲ್ಡರ್ ಹೂವಿನ ಶರಬತ್ತು. ಮಿಲೂಟಿನನಿಗೆ ಹೊಗೆ ಹಾಕಿದ ಹಂದಿ, ಎಜೂಬನಿಗೆ ಹೊಗೆ ಹಾಕಿದ ದನ. ಇಬ್ಬರಿಗೂ ಒಂದೇ ಹಂಡೆಯ ಆಲೂಗಡ್ಡೆ. ಒಬ್ಬನ ತಟ್ಟೆಗೆ ಒಂದು ತುಂಡು ಜಾಸ್ತಿ ಬಿದ್ದರೆ ಇನ್ನೊಬ್ಬನ ಗಾಡಿಗೆ ಅವಮಾನ. ಅದರ ಮೇಲೆ ನನ್ನ ಎರಡೂ ಕೈ ಜೇಬಿನಲ್ಲಿ! ಮುಳ್ಳುಚಮಚ ಹಿಡಿಯಲು ಒಂದು ಕೈ ಹೊರಗೆ ತೆಗೆದರೆ ಸಾಕು, ಎಡಗಡೆಯಿಂದಲೂ ಬಲಗಡೆಯಿಂದಲೂ ಎರಡು ಕೈ ನುಗ್ಗಿ ಬರುತ್ತಿದ್ದವು. ಆಚೆ ಕೂತ ಕೂಮ್ ರಾದೋಯೆಯ ಅಂಗೈ ತಾನಾಗಿಯೇ ಮೇಲೇಳುತ್ತಿತ್ತು. ನಾನು ತಟಕ್ಕನೆ ಕೈ ಒಳಗೆಳೆದುಕೊಳ್ಳುತ್ತಿದ್ದೆ. ಸ್ವಂತ ಮನೆಯಲ್ಲಿ, ಅಂದರೆ ಅತ್ತೆಯ ಮನೆಯಲ್ಲಿ, ನಾನು ಉಪವಾಸ!

"ಮೇಷ್ಟ್ರೇ, ನಮ್ಮ ಹಸಿರು ಹೆಣ್ಣು ಹೇಗಿದ್ದಾಳೆ?" ಮಿಲೂಟಿನ್ ಕೇಳಿದ.

ಹನ್ನೊಂದನೆಯ ಕಾಲಮಿನಲ್ಲಿ ಅದರ ತಳದ ತುಕ್ಕಿಗೆ ಸೊನ್ನೆ ಕೊಟ್ಟಿದ್ದೆ. "ರಾಣಿ!" ಎಂದೆ.

"ನಮ್ಮದು?" ಎಜೂಬ್ ಕಣ್ಣು ಕಿರಿದು ಮಾಡಿದ.

"ಮಹಾರಾಜ!"

"ಹಾಗಾದ್ರೆ ಎರಡಕ್ಕೂ ಮದುವೆ ಮಾಡಿಬಿಡಿ, ಸಣ್ಣ ಗಾಡಿ ಹುಟ್ಟಿದರೆ ನಾವು ತಗೋತೀವಿ" ಎಂದರು ಅತ್ತೆ, ಒಲೆಯ ಪಕ್ಕದಿಂದ.

ಆ ಹೊತ್ತಿನಲ್ಲಿ ಕಿಟಕಿಯಿಂದ ಹೊರಗೆ ನೋಡಿದರೆ ಯೆಲಿಕಾ ಒಂದು ಉಣ್ಣೆಯ ದಾರ ಹಿಡಿದು ಗಾಡಿಗಳ ಸುತ್ತ ಓಡಾಡುತ್ತಿದ್ದಳು. ಮದುಮಗಳಿಗೆ ಅಳತೆ ತೆಗೆಯುವ ದರ್ಜಿಯ ಹಾಗೆ ಒಮ್ಮೆ ಹಿಂದಿನ ಬಾಗಿಲಿಗೆ, ಒಮ್ಮೆ ಪಕ್ಕದ ಬಾಗಿಲಿಗೆ ಹಿಡಿಯುತ್ತಿದ್ದಳು. ಹುರುಳಿಕಾಯಿ ಬಳ್ಳಿ ಕಟ್ಟುವ ದಾರವಿರಬೇಕು, ಗಾಡಿಗೆ ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ನಮ್ಮ ಹೆಂಗಸರಿಗೆ ಯಂತ್ರದ ಹತ್ತಿರ ಇನ್ನೇನು ಕೆಲಸ!

ಕೊನೆಗೂ ಪರೀಕ್ಷೆ. ನಾನು ಆರಿಸಿದ ಜಾಗ ಬೆಟ್ಟದ ದಾರಿಯ ಮೊದಲ ತಿರುವಿನಲ್ಲಿರುವ ಕಪ್ಪೆಗುಂಡಿ. ಹಿಮ ಕರಗಿದ ನೀರು ನಿಂತು, ಮೇಲೆ ಹಸಿರು ಹುಲ್ಲು ಬೆಳೆದು, ನೋಡಲು ಮುಗ್ಧ ಮಗುವಿನ ಕೆನ್ನೆಯಂತಿರುತ್ತದೆ. ದಾರಿ ಅದನ್ನು ಬಳಸಿಕೊಂಡು ಹೋಗುತ್ತದೆ. ಊರಿನ ಕತ್ತೆಯೂ ಬಳಸಿಕೊಂಡೇ ಹೋಗುತ್ತದೆ.

"ಬಳಸಬೇಡಿ! ನೇರ! ಹದಿನೇಳು ಡಿಗ್ರಿ ಕೋನದಲ್ಲಿ! ಎರಡೂ ಒಟ್ಟಿಗೆ!" ಎಂದು ನೋಟ್‌ಬುಕ್ ಎತ್ತಿ ಆಜ್ಞೆ ಮಾಡಿದೆ.

"ಅಲ್ಲಿ ನಮ್ಮ ತಾತನ ಎತ್ತು ಹೋಗಿದ್ದು ಇನ್ನೂ ಬಂದಿಲ್ಲ" ಎಂದ ರಾದೋಯೆ.

"ಎತ್ತಿಗೆ ನಾಲ್ಕು ಚಕ್ರದ ಎಳೆತ ಇತ್ತಾ, ಕೂಮ್?"

ಒಬ್ಬನೇ ಬಂದಿದ್ದರೆ ಇಬ್ಬರಲ್ಲಿ ಯಾರೂ ಇಳಿಯುತ್ತಿರಲಿಲ್ಲ. ಆದರೆ ಮಿಲೂಟಿನ್ ಎಜೂಬನನ್ನು ನೋಡಿದ, ಎಜೂಬ್ ಮಿಲೂಟಿನನನ್ನು ನೋಡಿದ. ಎರಡು ಎಂಜಿನ್ ಗುಡುಗಿದವು. ಪೆಟ್ಟಿಗೆಯೂ ಗೂಳಿಯೂ ಭುಜಕ್ಕೆ ಭುಜ ಹಚ್ಚಿ ನುಗ್ಗಿ, ಗುಂಡಿಯ ನಟ್ಟನಡುವೆ ತಲುಪಿ, ನಿಟ್ಟುಸಿರು ಬಿಟ್ಟು, ಸಾಯಂಕಾಲದ ಎಮ್ಮೆಗಳಂತೆ ಮೆಲ್ಲಗೆ ಕೂತವು. ಎಂಟು ಚಕ್ರವೂ ಮಾಯ! ಕಪ್ಪೆಗಳು ಒಂದು ನಿಮಿಷ ಸುಮ್ಮನಾದವು. ಆಮೇಲೆ ಎಲ್ಲ ಸೇರಿ ನಗಲು ಶುರು ಮಾಡಿದವು.

ಒಡೆಯರಿಬ್ಬರೂ ಕಿಟಕಿಯಿಂದ ಹೊರಬಂದು ಗಾಡಿಯ ನೆತ್ತಿ ಹತ್ತಿ, ಅಲ್ಲಿಂದ ದಡಕ್ಕೆ ಹಾರಿದರು. ಇಬ್ಬರದೂ ಒಂದೇ ಬೈಗುಳ. ಆ ದಿನ ಅವರು ಒಪ್ಪಿದ ಮೊದಲ ವಿಷಯ ಅದು.

ಈಗ ನನ್ನ ವೈಜ್ಞಾನಿಕ ಮನಸ್ಸು ಕೆರಳಿತು. ಯಾವುದು ಕಡಿಮೆ ಮುಳುಗಿದೆ? ಒಂದೇ ಒಂದು ಸೆಂಟಿಮೀಟರ್ ವ್ಯತ್ಯಾಸ ಸಿಕ್ಕರೂ ಗೆದ್ದವನು ಸಿಕ್ಕ ಹಾಗೆ! ಶಾಲೆಯ ಮರದ ಅಳತೆಗೋಲು ಹಿಡಿದು ದಡದಿಂದ ಒಂದು ಹೆಜ್ಜೆ ಇಟ್ಟೆ. ಎರಡನೆಯ ಹೆಜ್ಜೆ ಇಡಲು ಮೊದಲನೆಯದು ಸಿಗಲಿಲ್ಲ. ಮೊಣಕಾಲು ಹೋಯಿತು, ಸೊಂಟ ಹೋಯಿತು, ನೋಟ್‌ಬುಕ್ ಹೋಯಿತು. ನಲವತ್ತೆರಡು ಕಾಲಂಗಳು ಕಣ್ಣೆದುರೇ ಗುಳುಗುಳು ಎಂದು ಕೆಳಗಿಳಿದವು.

"ಹಿಡೀರೋ! ಎಳೀರೋ!" ಎಂದು ಎರಡೂ ಕೈ ಮೇಲೆತ್ತಿ ಅರಚಿದೆ.

ಮನುಷ್ಯ ಮುಳುಗುವಾಗ ಜೇಬು ನೆನಪಿರುವುದಿಲ್ಲ! ಮಿಲೂಟಿನ್ ಓಡಿಬಂದು ನನ್ನ ಬಲಗೈ ಹಿಡಿದ. ಎಜೂಬ್ ಓಡಿಬಂದು ಎಡಗೈ ಹಿಡಿದ. ಪಾಪ, ಇಬ್ಬರೂ ಜೀವ ಉಳಿಸಲೆಂದೇ ಹಿಡಿದರು. ಅದನ್ನು ನಾನು ಯಾವ ಕೋರ್ಟಿನಲ್ಲಾದರೂ ಹೇಳುತ್ತೇನೆ. ಆದರೆ ದಡದ ಮೇಲೆ ಕೂಮ್ ರಾದೋಯೆ ನಿಂತಿದ್ದನಲ್ಲ! ಐವತ್ತು ವರ್ಷದ ಅಭ್ಯಾಸ. ಕೈಯಲ್ಲಿ ಕೈ ಕಂಡಿತು. ಅಂಗೈ ಎದ್ದಿತು.

ಫಟ್! "ಶುಭವಾಗಲಿ!"

ಫಟ್! "ಶುಭವಾಗಲಿ!"

ಗುಡ್ಡ ಎರಡು ಸಲ ಪ್ರತಿಧ್ವನಿಸಿತು. ನಾಲ್ವರೂ ಕಲ್ಲಾದೆವು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ರಾದೋಯೆಯೇ. ತನ್ನ ಅಂಗೈಯನ್ನು ಬೇರೆ ಯಾರದೋ ನಾಯಿಯನ್ನು ನೋಡುವಂತೆ ನೋಡುತ್ತಿದ್ದ.

"ಮುಗೀತು" ಎಂದ ಮಿಲೂಟಿನ್ ನಿಧಾನವಾಗಿ. "ಬಲಗೈ. ಗಾಡಿ ನಿಮ್ದು ಮೇಷ್ಟ್ರೇ."

"ನನ್ನದೂ ಮುಗೀತು" ಎಂದ ಎಜೂಬ್.

"ಎಡಗೈ ಲೆಕ್ಕಕ್ಕಿಲ್ಲ!"

"ಎಡಗೈ ಮೇಲೂ ಕೂಮ್ ಹೊಡೆದಿದ್ದಾನಪ್ಪ. ಅದು ಲೆಕ್ಕಕ್ಕಿಲ್ಲ ಅಂದ್ರೆ ಕೂಮ್ ಲೆಕ್ಕಕ್ಕಿಲ್ಲ ಅಂತಾಯ್ತು. ಹೇಳ್ತೀಯಾ ಹಾಗಂತ?"

ಯಾರು ಹೇಳುತ್ತಾರೆ! "ಮೊದಲು ನನ್ನನ್ನು ಪೂರ್ತಿ ಎಳೀರೋ!" ಎಂದು ಸೊಂಟದಿಂದ ಕೆಳಗೆ ಕೆಸರಾಗಿದ್ದ ನಾನು ಕೂಗಿದೆ. ಯಾರಿಗೂ ಕೇಳಲಿಲ್ಲ. ನೋಡಿ ಅನ್ಯಾಯ! ಕೊಳ್ಳುವವನು ಅರ್ಧ ಭೂಮಿಯೊಳಗಿದ್ದಾನೆ, ಮಾರುವವರು ಮೇಲೆ ನಿಂತು ಧರ್ಮಶಾಸ್ತ್ರ ಚರ್ಚೆ ಮಾಡುತ್ತಿದ್ದಾರೆ!

ಪಕ್ಕದ ಮನೆಯ ಟ್ರ್ಯಾಕ್ಟರ್ ಬಂದು ಪೆಟ್ಟಿಗೆಯನ್ನು ಎಳೆಯಿತು, ಗೂಳಿಯನ್ನು ಎಳೆಯಿತು, ಕೊನೆಯಲ್ಲಿ ನನ್ನನ್ನು. ಅಂಗಳದ ಪೇರ್ ಮರದ ಕೆಳಗೆ ಪಂಚಾಯಿತಿ ಕೂತಿತು. ಟ್ರ್ಯಾಕ್ಟರ್ ಹಿಂದೆ ಅರ್ಧ ಊರೂ ಬಂದಿತ್ತು. ನಾನು ಒಣಗುತ್ತಿದ್ದ ಕೆಸರಿನೊಳಗೆ ವಿಗ್ರಹದಂತೆ ನಿಂತಿದ್ದೆ. ಮಾತಾಡಿದರೆ ಕೆನ್ನೆ ಬಿರುಕು ಬಿಡುತ್ತಿತ್ತು.

"ಕೂಮ್, ಹೊಡೆದದ್ದನ್ನು ವಾಪಸ್ ತಗೋ ಮಾರಾಯ!" ಎಂದು ಬೇಡಿದೆ.

ರಾದೋಯೆಯ ಕಣ್ಣಲ್ಲಿ ನೀರು. "ಐವತ್ತು ವರ್ಷದಲ್ಲಿ ಒಂದು ಕರುವಿನ ವ್ಯಾಪಾರವೂ ಮುರಿದಿಲ್ಲ ಕಣೋ ವುಕೊಟ. ನಿನಗೋಸ್ಕರ ನನ್ನ ಕೈ ಕಡಿದುಕೊಡ್ತೀನಿ. ಹೊಡೆತ ವಾಪಸ್ ಕೊಡೋಕಾಗಲ್ಲ."

ಎರಡು ಗಾಡಿ ಕೊಳ್ಳಬೇಕಾದರೆ ಏನು ಮಾಡಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ಕೊಟ್ಟಿಗೆಯ ಕಡೆ ನೋಡಿದರು. ಏಳು ಹಸುಗಳೂ ನಮ್ಮ ಕಡೆ ನೋಡಿದವು. ಹಸು ಉಳಿಸಲೆಂದು ಹೊರಟ ಗಾಡಿ ಹಸುವನ್ನೇ ನುಂಗಲು ಬಂದು ನಿಂತಿತ್ತು! ಯೆಲಿಕಾ ಅಡಿಗೆಮನೆಯ ಬಾಗಿಲಿಗೆ ಒರಗಿ ಆ ಕಿಟಕಿಯ ಕಡೆ ನೋಡಿದಳು, ಅಮ್ಮ ಕೂರಬಹುದಾದ ಕಿಟಕಿ. ಆಗ ನನ್ನ ಎದೆಯೊಳಗಿನ ಕೆಸರೂ ಬಿರುಕು ಬಿಟ್ಟಿತು.

ಅತ್ತೆ ಕೋಲು ಊರಿ ಎದ್ದರು.

"ಅಳಿಯಂದಿರೇ, ಒಂದು ಮಾತು. ಇಪ್ಪತ್ತಾರು ವರ್ಷದಲ್ಲಿ ಈ ಮನೆಗೆ ನೀವು ಕೈ ಸೇರಿಸಿ ತಂದ ಒಂದು ವಸ್ತು ಹೇಳಿ."

"ಯಾಕೆ, ಬೇಕಾದಷ್ಟಿದೆ! ನನ್ನ ಕೋಟು..."

"ಯೆಲಿಕಾ ತಂದದ್ದು" ಎಂದಳು ನೆರೆಮನೆಯಾಕೆ.

"ಒಲೆ?"

"ಯೆಲಿಕಾ ಸಂತೇಲಿ ಆರಿಸಿದ್ದು. ನಾನೇ ಹೊಡೆದೆ" ಎಂದ ರಾದೋಯೆ, ಸ್ವಲ್ಪ ಚೇತರಿಸಿಕೊಂಡು.

"ಜೇನುಪೆಟ್ಟಿಗೆ!" ಗೆದ್ದ ದನಿಯಲ್ಲಿ ಕೂಗಿದೆ.

"ಅದು ಖಾಲಿ ಇತ್ತಲ್ಲೋ" ಎಂದು ಹಿಂದಿನಿಂದ ಯಾರೋ. "ವಾಪಸ್ ಮಾಡಿದ್ದೂ ಯೆಲಿಕಾನೇ!"

ಅತ್ತೆ ಮಾರುವವರ ಕಡೆ ತಿರುಗಿದರು. "ಕೇಳಿದಿರಾ? ವ್ಯಾಪಾರ ಅಂದ್ರೆ ಮನೆಯ ಕೈ ಸೇರಬೇಕು. ಇವನದು ಮನೆಯ ಕೈಯೇ ಅಲ್ಲ. ಕೂಮ್ ಹೊಡೆದದ್ದು ಸರಿ, ನಿಮ್ಮ ಗಾಡಿಗಳೂ ರಾಜ ರಾಣಿ. ಆದರೆ ಹೊಡೆತ ಬಿದ್ದದ್ದು ಗಾಳಿ ಮೇಲೆ. ಬೇಕಾದ್ರೆ ಅವನ ಬಾಯಲ್ಲೇ ಕೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ಮೇಜು ಗುದ್ದಿದ ಗಂಡಸು! ನೂರ ಎಂಬತ್ತೇಳು ಅಂಕಗಳ ಗಣಿತಜ್ಞ! ಅರ್ಧ ಊರಿನೆದುರು, ಟಪಾಲಿನವನೆದುರು! ಒಂದು ಪಕ್ಕದಲ್ಲಿ ನನ್ನ ಮಾನ, ಇನ್ನೊಂದು ಪಕ್ಕದಲ್ಲಿ ಏಳು ಹಸು. ಅತ್ತೆಯ ಮುಖ ನೋಡಿದೆ. ಅವರು ಕೋಲಿನ ಮೇಲೆ ಎರಡೂ ಕೈ ಇಟ್ಟು ಬೆಟ್ಟದ ನೆತ್ತಿಯನ್ನು ನೋಡುತ್ತಿದ್ದರು. ಅಲ್ಲಿ ಕೊನೆಯ ಹಿಮ ಒಂದು ಚಮಚ ಕೆನೆಯಷ್ಟು ಉಳಿದಿತ್ತು.

"ಈ ಮನೆಯಲ್ಲಿ..." ಎಂದೆ. ಕೆನ್ನೆಯಿಂದ ಒಂದು ಹೆಂಟೆ ಉದುರಿತು. "ಈ ಮನೆಯಲ್ಲಿ ನನ್ನ ಕೈಗೆ ಬೆಲೆಯಿಲ್ಲ."

"ಕೇಳಿಸಲಿಲ್ಲ!" ಟಪಾಲಿನವನು. ಅವನನ್ನು ನಾನು ಕ್ಷಮಿಸುವುದಿಲ್ಲ!

"ನನ್ನ ಕೈಗೆ ಬೆಲೆಯಿಲ್ಲ! ಬಲಗೈಗೂ ಇಲ್ಲ, ಎಡಗೈಗೂ ಇಲ್ಲ!"

ಮಿಲೂಟಿನ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹಾಗಾದ್ರೆ ನಮಗೂ ಅವಮಾನ ಇಲ್ಲ." ಎಜೂಬ್ ನಗು ತಡೆಯಲು ಮೀಸೆ ಕಚ್ಚಿದ. "ಮನೆಯ ಕೈ ಯಾವುದು ಮತ್ತೆ?"

ಯೆಲಿಕಾ ಬಾಗಿಲಿನಿಂದ ಕೆಳಗಿಳಿದು ಬಂದಳು. ಏಪ್ರನ್ ಜೇಬಿನಿಂದ ಆ ಉಣ್ಣೆಯ ದಾರ ತೆಗೆದಳು. ಅದರಲ್ಲಿ ಎರಡು ಗಂಟು.

"ಮೊದಲನೆ ಗಂಟು ಪೀಪಾಯಿ ಅಗಲ. ಎರಡನೇದು ಅಮ್ಮನ ಕಾಲು ಎಷ್ಟು ಮೇಲೆ ಏಳುತ್ತೋ ಅಷ್ಟು. ಎಜೂಬಣ್ಣ, ನಿಮ್ಮ ಗಾಡಿಗೆ ಅಮ್ಮ ಸಲೀಸಾಗಿ ಹತ್ತುತ್ತಾಳೆ. ಆದರೆ ಹಿಂದಿನ ಬಾಗಿಲಲ್ಲಿ ಪೀಪಾಯಿ ನಾಲ್ಕು ಬೆರಳು ಸಿಕ್ಕಿಕೊಳ್ಳುತ್ತೆ. ಮಿಲೂಟಿನಣ್ಣ, ನಿಮ್ಮದರಲ್ಲಿ ಪೀಪಾಯಿ ನೆಟ್ಟಗೆ ಹೋಗುತ್ತೆ. ಅಮ್ಮನ ಕಾಲು ಹೋಗಲ್ಲ, ಎತ್ತರ."

ನಲವತ್ತೆರಡು ಕಾಲಂ ಕಪ್ಪೆಗಳ ಪಾಲಾಗಿತ್ತು. ಎರಡು ಗಂಟು ಒಣಗಿಯೇ ಇತ್ತು.

"ಬಾಗಿಲು ಅಗಲ ಮಾಡೋಕಾಗಲ್ಲ" ಎಂದಳು ಅವಳು. "ಎತ್ತರಕ್ಕೆ ಒಂದು ಮೆಟ್ಟಿಲು ಸಾಕು. ಹಸಿರು ಗಾಡಿ ಇರಲಿ. ಎಜೂಬಣ್ಣ, ಬೇಜಾರು ಬೇಡ, ಸೆಪ್ಟೆಂಬರ್‌ನಲ್ಲಿ ಮೊದಲ ಡಬ್ಬಿ ಕೈಮಾಕ್ ನಿಮ್ಮನೆಗೆ."

"ಆ ಡಬ್ಬಿಗೆ ನಾನು ಇನ್ನೆರಡು ಸಲ ಸೋಲ್ತೀನಿ ತಂಗಿ" ಎಂದ ಎಜೂಬ್.

"ಮೆಟ್ಟಿಲು ಬೆಸುಗೆ ಹಾಕಿಸಿ ಕೊಡ್ಲಾ?" ಮಿಲೂಟಿನ್ ಕೇಳಿದ.

"ಬೇಡ ಅಣ್ಣ. ಮೆಟ್ಟಿಲು ಮನೇಲೇ ಇದೆ."

ಅವಳು ಬಲಗೈ ಚಾಚಿದಳು. ಫಟ್! "ಶುಭವಾಗಲಿ!" ರಾದೋಯೆಯ ಮುಖ ಐವತ್ತು ವರ್ಷ ಚಿಕ್ಕದಾಯಿತು.

ಮನೆಯಲ್ಲಿ ಯಾವ ಮೆಟ್ಟಿಲಿದೆ ಎಂದು ನಾನು ಒಂದು ವಾರ ಹುಡುಕಿದೆ. ಅಟ್ಟ ನೋಡಿದೆ, ಕೊಟ್ಟಿಗೆ ನೋಡಿದೆ. ಯೆಲಿಕಾಳನ್ನು ಕೇಳಿದರೆ ನಕ್ಕಳು.

ಜೂನ್ ಹನ್ನೆರಡರ ಬೆಳಿಗ್ಗೆ ಏಳು ಹಸುಗಳ ಕೊರಳ ಗಂಟೆಗಳು ಮುಂದೆ ಹೊರಟವು. ಪೆಟ್ಟಿಗೆಯ ಹಿಂಬಾಗಿಲಲ್ಲಿ ಪೀಪಾಯಿ ಹೋಗಿ ಕೂತಿತು, ಎರಡು ಕಡೆ ಒಂದೊಂದು ಬೆರಳು ಜಾಗ ಬಿಟ್ಟು. ಊರವರು ಬೀಳ್ಕೊಡಲು ಬಂದಿದ್ದರು. ಅತ್ತೆ ಕಪ್ಪು ರುಮಾಲು ಕಟ್ಟಿ, ಕೋಲು ಹಿಡಿದು ಬಾಗಿಲ ಬಳಿ ನಿಂತು ಮೇಲೆ ನೋಡಿದರು.

"ರೀ" ಎಂದಳು ಯೆಲಿಕಾ. "ಬನ್ನಿ."

"ಎಲ್ಲೇ ಮೆಟ್ಟಿಲು?"

"ಕೈ ಎರಡೂ ಸೇರಿಸಿ. ಬೆರಳಲ್ಲಿ ಬೆರಳು ಹೆಣೆದುಕೊಳ್ಳಿ. ಈಗ ಬಗ್ಗಿ."

ಗಣಿತದ ಮೇಷ್ಟ್ರು ಬಗ್ಗಿದರು! ಅತ್ತೆ ತಮ್ಮ ಎಡಗಾಲನ್ನು, ಆ ಬಗ್ಗದ ಕಾಲನ್ನು, ನನ್ನ ಎರಡು ಕೈಗಳ ನಡುವೆ ಇಟ್ಟರು. ಹಕ್ಕಿ ಕೂತಷ್ಟೇ ಭಾರ. ಇಪ್ಪತ್ತಾರು ವರ್ಷ ನನ್ನನ್ನು ಗಡಗಡ ನಡುಗಿಸಿದ ಹೆಂಗಸು ಇಷ್ಟು ಹಗುರವಾದದ್ದು ಯಾವಾಗ? ಮೆಲ್ಲಗೆ ಎತ್ತಿದೆ. ಅವರು ನನ್ನ ತಲೆಯ ಮೇಲೆ ಕೈಯೂರಿ ಸೀಟಿನಲ್ಲಿ ಕೂತರು. ತಲೆಯ ಮೇಲಿದ್ದ ಆ ಕೈ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು.

ಹೆಣೆದ ಬೆರಳು ಬಿಡಿಸುವುದನ್ನೂ ಮರೆತು ಹಾಗೇ ನಿಂತಿದ್ದೆ. ಪಕ್ಕದಲ್ಲಿ ಕೂಮ್ ರಾದೋಯೆ ಇದ್ದ. ಸೇರಿದ ಎರಡು ಕೈ ಅವನ ಕಣ್ಣಿಗೆ ಬಿತ್ತು.

ಫಟ್! "ಶುಭವಾಗಲಿ!"

"ಅನ್ಯಾಯ!" ಎಂದು ಕಿರುಚಿದೆ. "ಈ ಕೈಗೆ ಬೆಲೆಯಿಲ್ಲ ಅಂತ ಊರ ಮುಂದೆ ತೀರ್ಪಾಗಿದೆ! ಇದು ಗಾಳಿ ಮೇಲಿನ ಹೊಡೆತ!"

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಅದು ಕೊಳ್ಳೋ ಕೈಗೆ ಕೊಟ್ಟ ತೀರ್ಪು ಅಳಿಯಂದಿರೇ. ಇದು ಹೊರೋ ಕೈ. ನಾನು ಇರೋ ತನಕ ಪ್ರತಿ ಜೂನ್ ಹನ್ನೆರಡು, ಮರೀಬೇಡಿ. ಗಾಡಿ ಯೆಲಿಕಾ ಓಡಿಸ್ತಾಳೆ, ನೀವು ಹತ್ತಿ ಈಗ, ಹಿಂದೆ. ಪೀಪಾಯಿ ಅಲ್ಲಾಡದ ಹಾಗೆ ತಬ್ಬಿ ಹಿಡ್ಕೊಳ್ಳಿ. ಟೈ ನಂಬೋಕಾಗಲ್ಲ."